ಪಕ್ಕದ ಹಾಸಿಗೆಯವನು

ದೀಪ ಇರಲಿ, ಆರಿಸಬೇಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಟೈಲರ್ ಅವನು. ಎಂಟು ವರ್ಷದ ಹಿಂದೆ ಆನೆ ಹಾಗಿದ್ದ, ಎಲ್ಲರೂ ಡ್ರಮ್ಮು ಅಂತಿದ್ದೆವು. ತೂಕ ಇಳಿಸೋಕೆ ಹೊಟ್ಟೆ ಆಪರೇಷನ್ ಮಾಡಿಸಿಕೊಂಡು ಕಡ್ಡಿಯಾದ. ಹೆಸರು ಮಾತ್ರ ಕರಗಲಿಲ್ಲ.

ನೋವಿನ ಮಾತ್ರೆ ಮುಟ್ಟಲೇಬೇಡ ಅಂತ ಡಾಕ್ಟರು ಆಗಲೇ ಹೇಳಿದ್ದರು. ಇಷ್ಟು ವರ್ಷ ಆಯ್ತಲ್ಲ, ಇನ್ನೇನು ಅಂತ ಇವನು ಮಂಡಿನೋವಿಗೆ ದಿನಕ್ಕೆರಡು ನುಂಗುತ್ತಿದ್ದ. ಆ ವಾರ ಎರಡು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಹೆಂಡತಿ ಗಾಬರಿಯಾಗ್ತಾಳೆ ಅಂತ ಬಾಯಿ ಬಿಟ್ಟಿರಲಿಲ್ಲ.

ಶಾಲೆ ಯೂನಿಫಾರಂ ಹೊಲಿದು ಮುಗಿಸಿ ಅಂಗಡಿ ಬಾಗಿಲೆಳೆದಾಗ ರಾತ್ರಿ ಹನ್ನೊಂದೂವರೆ. ದಾರಿಯಲ್ಲೊಂದು ಹಾಳು ಬಾವಿ. ಕಲ್ಲುಚಪ್ಪಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರೊಳಗಿಂದ... ಗುಳುಂ... ಗುಳುಂ... ಕೊಡ ಮುಳುಗುವ ಸದ್ದು.

ಇವನು ನಿಂತ. ಸದ್ದೂ ನಿಂತಿತು.

ಚಪ್ಪಡಿ ಮೇಲೆ ಯಾರೋ ಕೂತಿದ್ದಾರೆ. ದಪ್ಪನೆಯ ಆಳು. ಉಸಿರು ಸುಂಯ್... ಸುಂಯ್... ಗುರುತು ಹತ್ತಿತು. ಬಸ್ ಡ್ರೈವರ್! ಎಂಟು ವರ್ಷದ ಹಿಂದೆ ಇಬ್ಬರಿಗೂ ಒಂದೇ ದಿನ ಆಪರೇಷನ್ ಆಗಿ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿದ್ದರು.

“ಅಣ್ಣಾ, ನೀನಾ? ಮತ್ತೆ ಊದಿಬಿಟ್ಟಿದ್ದೀಯಲ್ಲ!”

ಅವನು ನಗಲಿಲ್ಲ. ಪಿಸುಗುಟ್ಟಿದ. “ಕಪ್ಪಗೆ ಹೋಗ್ತಿದೆಯಾ?”

ಇವನು ಒಂದು ಹೆಜ್ಜೆ ಹಿಂದೆ ಸರಿದ. “...ಎರಡು ದಿನದಿಂದ.”

“ಮನೆಗೆ ಹೋಗ್ಬೇಡ.”

“ಬೆಳಿಗ್ಗೆ ತೋರಿಸ್ತೀನಿ ಅಣ್ಣ.”

“ನಾನೂ ಹಾಗೇ ಅಂದ್ಕೊಂಡಿದ್ದೆ.”

ಇವನು ಆಸ್ಪತ್ರೆ ಕಡೆ ತಿರುಗಿದ. ಹಿಂದೆಯೇ ಸುಂಯ್... ಸುಂಯ್... ತಿರುಗಿ ನೋಡೋ ಧೈರ್ಯವಾಗಲಿಲ್ಲ. ಬಾಗಿಲು ದಾಟಿದ್ದೇ ತಡ, ರಕ್ತ ಕಕ್ಕಿ ಕುಸಿದುಬಿದ್ದ.

ಆ ಆಪರೇಷನ್ನಿನಲ್ಲಿ ಹೊಟ್ಟೆಗೆ ಕರುಳು ಹೊಲಿದ ಜಾಗದಲ್ಲಿ ಮಾತ್ರೆಯಿಂದ ಹುಣ್ಣಾಗಿ ರಕ್ತನಾಳ ಒಡೆದಿತ್ತು. ಗಂಟಲಲ್ಲಿ ಕೊಳವೆ ಇಳಿಸಿ ಕ್ಲಿಪ್ ಹಾಕಿದರು. ನಾಲ್ಕು ಬಾಟಲಿ ರಕ್ತ ಏರಿಸಿದರು. “ಇಷ್ಟು ವರ್ಷದ ಮೇಲೆ ಹೀಗಾಗೋದು ಅಪರೂಪ. ಇನ್ನೊಂದು ಗಂಟೆ ತಡವಾಗಿದ್ರೆ...” ಅಂದರು ಡಾಕ್ಟರು.

ಐದನೇ ದಿನ ಇವನು ಡ್ರೈವರಿಗೆ ಫೋನ್ ಮಾಡಿದ. ಎತ್ತಿದ್ದು ಅವನ ಹೆಂಡತಿ.

“ಅವರು ಹೋಗಿ ತಿಂಗಳಾಯ್ತಪ್ಪ. ರಾತ್ರಿ ರಕ್ತ ಕಕ್ಕಿದ್ರು. ಆಸ್ಪತ್ರೆಗೆ ಹೋಗೋಣ ಅಂದ್ರೆ, ಬೆಳಿಗ್ಗೆ ನೋಡೋಣ ಬಿಡು ಅಂದ್ರು...”

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆಸ್ಪತ್ರೆ ಬಾಗಿಲಲ್ಲಿ ಇಟ್ಟಿರುವ, ಬಂದು ಹೋಗುವವರ ಲೆಕ್ಕದ ಪುಸ್ತಕವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ರಾತ್ರಿ ಕಾವಲುಗಾರ ಬರೆದಿದ್ದಾನೆ: ರೋಗಿ ಒಬ್ಬರು, ಜೊತೆಗೆ ಬಂದವರು ಒಬ್ಬರು. ಹೊರಗೆ ಹೋದ ಸಮಯ ರೋಗಿಯ ಮುಂದೆ ಇದೆ. ಇನ್ನೊಬ್ಬರ ಮುಂದೆ... ಇವತ್ತಿಗೂ ಖಾಲಿ.