ಹರಿಹರದ ನಂಬರು ಎಂಗೇಜ್

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಗಿರಣಿಗಳ ಬಾಯ್ಲರ್ ಪರೀಕ್ಷೆ ಮಾಡುವ ಒಂದು ಸಣ್ಣ ಆಫೀಸು. ಆಷಾಢದ ಮಳೆ ಮಧ್ಯಾಹ್ನದಿಂದ ಬಿಟ್ಟಿರಲಿಲ್ಲ, ಸಂಜೆ ಐದಾದರೂ ಯಾರೂ ಮನೆಗೆ ಹೊರಡುವ ಹಾಗಿರಲಿಲ್ಲ. ಕಸ ಗುಡಿಸುವ ಪುಟ್ಟಕ್ಕ ಒಗ್ಗರಣೆ ಹಾಕಿದ ಮಂಡಕ್ಕಿ ತಂದು ಮೇಜಿನ ಮೇಲೆ ಸುರಿದಳು. ಇಂಜಿನಿಯರ್ ಅಂಜನ್ ಕುಮಾರ್ ಕುರ್ಚಿ ಎಳೆದುಕೊಂಡ. ಮುದಿ ಗುಮಾಸ್ತ ಪರಮೇಶ್ವರಪ್ಪನವರಿಗೆ ಅದು ಕೆಲಸದ ಕೊನೆಯ ದಿನ. ನಾಳೆಯಿಂದ ಅವರ ಕುರ್ಚಿ ಹೊಸದಾಗಿ ಸೇರಿದ ಸ್ನೇಹಾಳದು.

ಸ್ನೇಹಾಗೆ ಆಫೀಸಿನ ಕಂಪ್ಯೂಟರ್ ಇನ್ನೂ ಪಳಗಿರಲಿಲ್ಲ. ಅದರಲ್ಲಿದ್ದದ್ದು ಲಿನಕ್ಸ್, ಕಪ್ಪು ಪರದೆಯ ಮೇಲೆ ಅಕ್ಷರ ಹೊಡೆದೇ ಎಲ್ಲ ಕೆಲಸ. ಫ್ಯಾಕ್ಸಿಗೂ ಬೇರೆ ಯಂತ್ರವಿಲ್ಲ, ಕಂಪ್ಯೂಟರಿಗೆ ಸಿಕ್ಕಿಸಿದ ಮೋಡೆಮ್ಮೇ ಆಫೀಸಿನ ಒಂದೇ ಫೋನ್ ಲೈನಿನಲ್ಲಿ ಡಯಲ್ ಮಾಡಿ ಕಳಿಸುತ್ತದೆ. ಮಧ್ಯಾಹ್ನದಿಂದ ಅದು ಹರಿಹರದ ಒಂದೇ ನಂಬರಿಗೆ ಬಡಿದುಕೊಳ್ಳುತ್ತಿತ್ತು. ಮಳೆ ನಿಂತ ಮೇಲೆ ಬರುತ್ತೇನೆಂದು ಅವ್ವನಿಗೆ ತಿಳಿಸೋಣವೆಂದರೆ ಲೈನೇ ಸಿಗುತ್ತಿಲ್ಲ. ಬೇಸತ್ತು ಆ ಫ್ಯಾಕ್ಸನ್ನು ಕಳಿಸಬೇಕಾದವುಗಳ ಸಾಲಿನಿಂದ, ಕ್ಯೂನಿಂದ, ತೆಗೆದುಹಾಕಿದಳು. ಮೋಡೆಮ್ ಸುಮ್ಮನಾಯಿತು.

"ಸರ್, ಹರಿಹರದ ಫ್ಯಾಕ್ಸ್ ತೆಗೆದುಬಿಟ್ಟೆ. ಬರೀ ಎಂಗೇಜ್. ಅದ್ರಾಗೆ ಎರಡು ವರ್ಷದ ಹಿಂದಿನ ತಾರೀಖು ಬೇರೆ ಐತೆ."

ಪರಮೇಶ್ವರಪ್ಪನವರ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. ಗಡಿಯಾರ ನೋಡಿದರು.

"ತೆಗೆದ್ಯಾ? ...ಆಗ್ಲಿ ಬಿಡವ್ವ. ನನಗೂ ಸಾಕಾಗೈತೆ. ಇನ್ನ ಅರ್ಧ ತಾಸು ಐತೆ. ಎಲ್ಲಾರೂ ಕೂಡ್ರಿ, ಹೇಳ್ತೀನಿ.

"ಹರಿಹರದಾಗೆ, ಕೊಂಡಜ್ಜಿ ರಸ್ತೆಗೆ ಒಂದು ಅಕ್ಕಿ ಗಿರಣಿ ಇತ್ತು. ಈಗ ಮುಚ್ಚೈತೆ. ಅಲ್ಲಿ ಬಾಯ್ಲರಿಗೆ ಉರಿ ಹಾಕೋನು ಕಾಟಪ್ಪ. ಏನ್ ಮರ್ಯಾದಸ್ಥ ಅಂತೀರಿ! ಫೋನಿನಾಗೆ ಮಾತಾಡುವಾಗ್ಲೂ ತಲೆ ಮೇಲಿನ ಟವೆಲ್ ತೆಗೆಯೋನು. ತೊಂಬತ್ತೇಳರಾಗೆ, ಹಿಂಗೇ ಮಳೆ. ನಮ್ಮ ಆಗಿನ ಇಂಜಿನಿಯರು ಆ ಬಾಯ್ಲರ್ ನೋಡಿ ಬಂದು, ವಾಲ್ವ್ ಕೆಟ್ಟೈತೆ, ಹೊಸದು ಹಾಕೋ ತನಕ ಉರಿ ಹಾಕಬ್ಯಾಡ್ರಿ ಅಂತ ಬರೆದ್ರು. ಆ ಗಿರಣಿ ಮಾಲೀಕನಿಗೆ ಬಾಯಿ ಮಾತು ನಡೆಯಂಗಿಲ್ಲ, ಸಹಿ ಇರೋ ಪೇಪರ್ ಬೇಕು. ಪೇಪರ್ ಇಲ್ದೆ ಬಾಯ್ಲರ್ ನಿಲ್ಸಿದ್ರೆ ಕಾಟಪ್ಪನ ಕೆಲಸ ಹೋತು. 'ಸಂಜಿಗೆ ಫ್ಯಾಕ್ಸ್ ಕಳಿಸ್ತೀನಿ, ಕಾಯ್ತಾ ಇರಪ್ಪ' ಅಂತ ನಾನೇ ಹೇಳಿದ್ದೆ.

"ಅದೇ ವಾರ ನಮ್ಮ ಸಾಹುಕಾರರ ಮಗ ಬಸವಕಿರಣ್, ಯಾವುದೋ ಪತ್ರಿಕೆ ಜೊತೆ ಬಂದ ಸೀಡಿಯಿಂದ ಈ ಲಿನಕ್ಸ್ ಹಾಕಿಕೊಟ್ಟಿದ್ದ. 'ಅಂಕಲ್, ಎಂಗೇಜ್ ಬಂದ್ರೆ ಅದೇ ಮತ್ತೆ ಮತ್ತೆ ಡಯಲ್ ಮಾಡ್ತೈತೆ, ನೀವು ಆರಾಮಾಗಿರ್ರಿ' ಅಂದ. ನಡುವೆ ಒಂದು ಉಸಿರಿನಷ್ಟು ಬಿಡುವೂ ಇಟ್ಟಿರ್ಲಿಲ್ಲ ಪುಣ್ಯಾತ್ಮ. ನಾಲ್ಕಕ್ಕೆ ಹಚ್ಚಿದೆ. ಎಂಗೇಜ್. ಮತ್ತೆ ಎಂಗೇಜ್... ಒಂದೂವರೆ ತಾಸು! ಯಾಕ ಹೇಳ್ರಿ ನೋಡಾನ?"

ಪುಟ್ಟಕ್ಕ ಮಂಡಕ್ಕಿಯನ್ನು ಅವರ ಕಡೆ ಸರಿಸಿದಳು.

"ಪೇಪರ್ ಬರ್ಲಿಲ್ಲ ಅಂತ ಕಾಟಪ್ಪ ಅಲ್ಲಿಂದ ನಮಗೇ ಫೋನ್ ಹಚ್ಚಿದ್ದ ಕಣ್ರಿ. ಗಿರಣಿಯಾಗೂ ಫೋನಿಗೆ, ಫ್ಯಾಕ್ಸಿಗೆ ಒಂದೇ ಲೈನು. ಅವನ ಲೈನಿಗೆ ನಾನು, ನನ್ನ ಲೈನಿಗೆ ಅವನು. ಇಬ್ರಿಗೂ ಎಂಗೇಜ್. ಒಂದು ನಿಮಿಷ ನಾನು ನಿಲ್ಸಿದ್ರೆ ಅವನ ಫೋನ್ ಬರೋದು... ಹೊಳೀಲಿಲ್ಲ. ಬೇಜಾರಾಗಿ ಐದೂವರೆಗೆ ಕ್ಯೂನಿಂದ ತೆಗೆದೆ. ಬೆಳಿಗ್ಗೆ ಬಂದು ಕಳಿಸಿದ್ರಾತು ಅಂತ ಶಟರ್ ಎಳೆದು ಬೀಗ ಹಾಕ್ತಿದ್ದೆ, ಒಳಗೆ ಫೋನ್ ಬಡ್ಕೊಳ್ತು. ಐದು ನಲವತ್ತು. ಈ ಮಳೆಯಾಗೆ ಯಾವನ್ ಮತ್ತೆ ಶಟರ್ ಎತ್ತಾನ ಅಂತ ಬಸ್ಸಿಗೆ ಓಡಿದೆ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಬೆಳಿಗ್ಗೆ ಆರಕ್ಕೆ ಉರಿ ಹಾಕಿದ್ನಂತೆ. ಏಳಕ್ಕೆ ಬಾಯ್ಲರ್ ಒಡೀತು. ಅವನ ಹೆಂಡ್ತಿ ಕಮಲಕ್ಕ ನನ್ನ ಕಂಡು, 'ಸ್ವಾಮಿ, ಸಂಜೆಲ್ಲಾ ನಿಮಗೇ ಫೋನ್ ಹಚ್ಚಿದ್ರು. ಕೊನೀಗೆ ರಿಂಗ್ ಆತಂತೆ, ಯಾರೂ ಎತ್ಲಿಲ್ಲಂತೆ' ಅಂದ್ಲು. ಕೊಂದೋನು ನಾನೇ ಕಣ್ರಿ, ಇನ್ಯಾರೂ ಅಲ್ಲ.

"ಅವನು ಸತ್ತ ಹನ್ನೊಂದನೇ ದಿನ, ಮಳೆ. ಐದು ನಲವತ್ತಕ್ಕೆ ಫೋನ್ ಬಂತು, ಎತ್ತಿದೆ... ಕಾಟಪ್ಪನ ದನಿ! ಕೇಳಿದ್ದಕ್ಕೆ ಉತ್ತರ ಕೊಡದೆ ಇಟ್ಟುಬಿಟ್ಟೆ. ಮರುದಿನಾನೂ ಮಳೆ, ಮರುದಿನಾನೂ ಫೋನು. ಆವತ್ತಿಂದ ಮಳೆ ಹಿಡೀತು ಅಂದ್ರೆ ಆ ಹಳೇ ಪೇಪರ್ ಕ್ಯೂಗೆ ಹಾಕಿಬಿಡ್ತೀನಿ. ಲೈನಿಗೆ ಬಿಡುವೇ ಇಲ್ಲ ಅಂದ್ರೆ ಅವನು ಹೆಂಗೆ ಬಂದಾನು? ಸತ್ತ ಮೇಲೂ ಅವನ್ನ ಹೊರಗೇ ನಿಲ್ಸಿದೀನಿ..."

ಅಂಜನ್ ಕುಮಾರ್ ನಗಲು ನೋಡಿದ. "ಅಲ್ರಿ ಸರ್, ಗಿರಣಿನೇ ಮುಚ್ಚೈತೆ ಅಂದ್ರಿ. ಮತ್ತೆ ಆ ನಂಬರು?"

"ಟೆಲಿಫೋನಿನೋರು ಆ ಲೈನ್ ಕಿತ್ತು ಒಂದೂವರೆ ವರ್ಷ ಆತು. ಕಿತ್ತ ಲೈನು ಎಂಗೇಜ್ ಯಾಕ ಬರ್ತೈತೆ, ನೀವೇ ಹೇಳ್ರಿ ಇಂಜಿನಿಯರೇ. ಆ ಕಡೆ ಯಾರು ರಿಸೀವರ್ ಹಿಡ್ಕೊಂಡು ನಿಂತಿದಾರೆ?"

ಸ್ನೇಹಾ ಗಡಿಯಾರದತ್ತ ತಿರುಗುವಷ್ಟರಲ್ಲಿ ಅವಳ ಮೊಣಕೈ ಪಕ್ಕದ ಫೋನ್ ರಿಂಗಾಯಿತು. ಅವ್ವನೇ ಇರಬೇಕು ಎಂದುಕೊಂಡಳು. ಅವ್ವನಿಗೆ ಈ ಆಫೀಸಿನ ನಂಬರನ್ನು ಕೊಟ್ಟೇ ಇಲ್ಲವೆಂದು ಆಮೇಲೆ ನೆನಪಾಯಿತು.

ಪರಮೇಶ್ವರಪ್ಪನವರು ಏಳಲಿಲ್ಲ.

"ಎತ್ತವ್ವ. ಹೆದರಬ್ಯಾಡ, ಬೈಯೋನಲ್ಲ ಅವನು. 'ಪೇಪರ್ ಬರ್ಲಿಲ್ಲ ಸ್ವಾಮಿ, ಬೆಳಿಗ್ಗೆ ಉರಿ ಹಾಕ್ಲೋ ಬ್ಯಾಡೋ' ಅಂತ ಕೇಳ್ತಾನೆ, ಅಷ್ಟೇ... ಬ್ಯಾಡ ಅಂತ ಒಂದು ಮಾತು ಹೇಳಿಬಿಡು. ನನಗೆ ಎರಡು ವರ್ಷದಿಂದ ಬಾಯಿ ಬಂದಿಲ್ಲ."