ಪ್ರೂಫಿಗೊಂದು ಸಹಿ

ಅದು ಖಾಲಿ ಜಾಗ ಅಲ್ಲ ಮೇಡಂ, ಅಲ್ಲಿ ಅಕ್ಷರ ಇದೆ! ಸ್ವಲ್ಪ ಓರೆ ಮಾಡಿ ಹಿಡೀರಿ... ಬೆಳಕಿಗೆ, ಬೆಳಕಿಗೆ. ಹಾಂ. ಕಾಣ್ತಾ? ...ಯಾಕೆ ನಗ್ತೀರಿ? ಈ ಯಲಹಂಕದಲ್ಲಿ ನನ್ನ, ಈ ಬ್ಯಾಟರಾಯಪ್ಪನ ಅಂಗಡಿ ಪ್ರಿಂಟ್ ನೋಡಿ ಇದುವರೆಗೂ ಯಾರೂ ನಕ್ಕಿಲ್ಲ ಕಣ್ರೀ.

ಕೂತ್ಕೊಳ್ಳಿ, ಹೇಳ್ತೀನಿ. ನೀವು ಪೆನ್‌ಡ್ರೈವಲ್ಲಿ ಕೊಟ್ಟಿದ್ದು ಮಾರ್ಕ್‌ಡೌನ್ ಫೈಲು. ಬರೀ ಅಕ್ಷರ, ಮೈಮೇಲೆ ಬಟ್ಟೆ ಇಲ್ಲ. ಪಿಡಿಎಫ್ ಮಾಡುವಾಗ ಪ್ರೋಗ್ರಾಂ ಇರೋ ಡಬ್ಬಿಗಳು ಹೆಂಗೆ ಕಾಣ್ಬೇಕು, ಹಿಂದೆ ಯಾವ ಬಣ್ಣ, ಸುತ್ತ ಯಾವ ಗೆರೆ, ಅದೆಲ್ಲಾ ಬೇರೆ ಸ್ಟೈಲ್ ಫೈಲಲ್ಲಿರುತ್ತೆ. ಅದನ್ನೂ ನೀವೇ ಬರ್ಕೊಂಡು ಬಂದ್ರಿ, ಸಂಯುಕ್ತಾ ಮೇಡಂ. ಕಪ್ಪು ಡಬ್ಬಿ, ಒಳಗೆ ತಿಳಿಹಳದಿ, ತಿಳಿಹಸಿರು ಅಕ್ಷರ. ಸ್ಕ್ರೀನಲ್ಲಿ ಚಂದ! ಪೇಪರಲ್ಲಿ? ಪುಟಪುಟಾನೂ ಕರೀ ಬಾವಿ. ಟೋನರ್ ಕುಡಿಯುತ್ತೆ, ಹಾಳೆ ಸುರುಳಿ ಸುತ್ತುತ್ತೆ. ಅದಕ್ಕೇ ಒಂದು ಸಾಲು, ಒಂದೇ ಸಾಲು ಬದಲಾಯಿಸ್ದೆ. ಡಬ್ಬಿ ಕಪ್ಪು ಅಂತಿದ್ದಲ್ಲಿ ಬಿಳಿ ಅಂದೆ. ಅಂಗಡಿ ನಡೆಸೋನು ಯಾರಾದ್ರೂ ಅದನ್ನೇ ಮಾಡ್ತಾನೆ.

ಹಂಗೆ ನೋಡ್ಬೇಡಿ... ಹೌದು, ಅಕ್ಷರದ ಬಣ್ಣ ಹಾಗೇ ಬಿಟ್ಟೆ. ಬಿಳಿ ಮೇಲೆ ತಿಳಿಹಳದಿ. ಕಾಣ್ಸಲ್ಲ. ಒಪ್ಕೊಂಡೆ.

ಗೊತ್ತು, ಗೊತ್ತು! ನಾಳೆ ಬೆಳಿಗ್ಗೆ ಕಮಿಟಿ ಬರುತ್ತೆ. ಅವರೆದುರಿಗೆ ಹುಡುಗರು ಈ ಲ್ಯಾಬ್ ಮ್ಯಾನ್ಯುಯಲ್ ನೋಡ್ಕೊಂಡೇ ಪ್ರೋಗ್ರಾಂ ಟೈಪ್ ಮಾಡ್ಬೇಕು. ಓಡಿದ್ರೆ ಗೆಸ್ಟ್ ಲೆಕ್ಚರರ್ ಆಗಿರೋ ನೀವು ಖಾಯಂ. ಅರ್ಧ ಸಾಲೇ ಇಲ್ಲದೆ ಅದು ಓಡ್ಲಿಲ್ಲ ಅಂದ್ರೆ... ಛೆ ಛೆ, ಓಡುತ್ತೆ! ಇದು ಪ್ರೂಫ್, ಬರೀ ಕರಡು ಪ್ರತಿ ತಾನೆ? ಪ್ರೂಫ್ ಇರೋದೇ ತಿದ್ದೋಕೆ. ಅಕ್ಷರ ಎಲ್ಲಾ ಕಪ್ಪು ಮಾಡಿಸ್ತೀನಿ.

ನೀವು ಇಲ್ಲಿ, ಮೊದಲ ಪುಟದಲ್ಲಿ, 'ನೋಡಿದೆ, ಸರಿಯಿದೆ' ಅಂತ ಬರೆದು ಒಂದು ಸಹಿ ಹಾಕಿ. ಪದ್ಧತಿ ಕಣ್ರೀ. ಪ್ರೂಫಿಗೆ ಸಹಿ ಬೀಳದೆ ನಾವು ಮಷೀನ್ ಮುಟ್ಟಲ್ಲ. ಆಮೇಲೆ ತಪ್ಪು ಬಂದ್ರೆ ಸಹಿ ಹಾಕಿದವರದ್ದು. ...ತಪ್ಪಿರೋ ಪ್ರೂಫಿಗೆ ಸಹಿ ಯಾಕೆ ಅಂದ್ರೆ... ಇನ್ನೊಂದು ತೆಗೆದು, ನೀವು ಮತ್ತೆ ಓದಿ... ಟೈಮೆಲ್ಲಿದೆ? ಅದಕ್ಕೇ! ನಂಬಿಕೆ ಮೇಲೆ. ಹಾಕಿ, ಹಾಕಿ.

ಏನ್ ಯೋಚ್ನೆ?

ಅಂಚು ಯಾಕೆ ಸವರ್ತಿದೀರ? ಅದು... ಅಂಟು. ಟೀ ಚೆಲ್ಲಿರ್ಬೇಕು. ನಮ್ಮ ಮೊಯಿನುದ್ದೀನ್ ಲೋಟ ಎಲ್ಲಿಡ್ತಾನೋ ಅವನಿಗೇ ಗೊತ್ತಿಲ್ಲ. ಬೈಂಡಿಂಗ್ ಕೆಲಸ ಚೊಕ್ಕ, ಇದೊಂದು ಮಾತ್ರ... ಅಯ್ಯೋ, ಮೂಸಿ ಬೇರೆ ನೋಡ್ತೀರಾ? ಕೊಡಿ ಇಲ್ಲಿ. ಕೊಡಿ ಅಂದೆ!

...ಮೇಡಂ?

ಪುಟದ ಉದ್ದಕ್ಕೂ ಒಂದೇ ಗೆರೆ ಹಿಡ್ಕೊಂಡು ಟೀ ಚೆಲ್ಲುತ್ತಾ ಅಂತ ಕೇಳಿ. ಬಾಯ್ಬಿಟ್ಟು ಕೇಳಿ. ಬೈಯ್ರಿ ಬೇಕಾದ್ರೆ. ಬೈದ್ರೆ ನಾನೂ ನಾಲ್ಕು ಮಾತಾಡ್ತೀನಿ, ಮುಗಿಯುತ್ತೆ. ಹಿಂಗೆ ಆ ಅಂಚಿನ ಮೇಲೇ ಬೆರಳಿಟ್ಟು ನನ್ನೇ ನೋಡಿದ್ರೆ ನಾನೇನ್ ಮಾಡ್ಲಿ?

...

ಗೋಂದು. ಬೈಂಡಿಂಗ್ ಗೋಂದು. ಬೈಂಡಾಗಿದ್ದ ಪುಸ್ತಕದ ರಟ್ಟು ಕಿತ್ತಿದ್ದು ನಾನೇ, ನೀವು ಬರೋ ಸ್ವಲ್ಪ ಮುಂಚೆ, ಪ್ರೂಫ್ ಥರ ಕಾಣ್ಲಿ ಅಂತ. ನಿಮ್ಮ ಎಚ್‌ಓಡಿ ಊಟದ ಹೊತ್ತಿಗೆ ಬೇಕೇ ಬೇಕು ಅಂತ ಫೋನ್ ಮೇಲೆ ಫೋನು... ನಾನು ಪ್ರೂಫ್ ಗೀಫ್ ಅಂತ ಕೂರ್ಲಿಲ್ಲ, ಎಲ್ಲಾ ಪ್ರಿಂಟ್ ಹೊಡೆದು ಬೈಂಡ್ ಮಾಡಿಸಿ ಕಳಿಸ್ಬಿಟ್ಟೆ. ಒಂದೇ ಒಂದು ಕಾಪಿ ಉಳಿಸ್ಕೊಂಡೆ, ಇದು.

ಮಿಕ್ಕಿದ್ದೆಲ್ಲಾ ಕಾಲೇಜಲ್ಲಿ ಹಂಚಿಯಾಯ್ತು ಮೇಡಂ. ಈ ಹೊತ್ತಿಗೆ ಹುಡುಗರು ಬಾಗಲೂರು ಬಸ್ಸು, ದಾಸರಹಳ್ಳಿ ಬಸ್ಸು ಹತ್ತಿ ಮನೆ ಸೇರಿರ್ತಾರೆ.