‘ಆರಾಮ’ ಅಂದವನ ಮೊಣಕಾಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನೀವೆಲ್ಲ ಹಾಯಾಗಿ ಮಂಟಪದ ಕಂಬಕ್ಕೆ ಒರಗಿಬಿಡುತ್ತೀರಿ. ಬೈಸಿಕೊಳ್ಳುವವನು ಶ್ರೀಮಂತ, ನಮಗೇನು ಎಂಬ ಧೈರ್ಯ! ಅದಕ್ಕೇ ಇವತ್ತು ಶ್ರೀಮಂತನಿಗೆ ರಜೆ ಕೊಟ್ಟಿದ್ದೇನೆ. ಇವತ್ತು ಬರುವವನು ಒಬ್ಬ ನೇಕಾರ. ಹೆಸರು ಕೂಡ್ಲೆಪ್ಪ. ನಿಮ್ಮ ಓಣಿಯ ಕೂಡ್ಲೆಪ್ಪ ಅಲ್ಲ, ಹಿಂದೆ ತಿರುಗಿ ನೋಡಬೇಡಿ.

ಈತನದು ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ, ಅಂದರೆ ಗುಂಡಿ. ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ ಸೀರೆ ನೇಯಬೇಕು. ಮೂವತ್ತು ವರ್ಷ ತುಳಿದ. ತುಳಿದೂ ತುಳಿದೂ ಏನಾಯಿತು? ಜನ ಕಾಲ ಕೆಟ್ಟಿತು ಎನ್ನುತ್ತಾರೆ, ಇವನಿಗೆ ಕಾಲೇ ಕೆಟ್ಟಿತು. ಬಲಗಾಲಿನ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಡಾಕ್ಟರು ಬೆರಳು ಎತ್ತಿ ಹೇಳಿದರು: “ಆರು ತಿಂಗಳು ಕುಣಿಗೆ ಇಳಿಯೋ ಹಾಗಿಲ್ಲ. ಇಳಿದರೆ ಈ ಕಾಲು ಮತ್ತೆ ಕೆಟ್ಟಿತು ಅಂತ ತಿಳಕೊಳ್ಳಿ. ಆಮೇಲೆ ಮಗ್ಗದ ಆಸೆ ಬಿಡಬೇಕಾಗುತ್ತೆ.” ನೋಡಿ, ಡಾಕ್ಟರು ಮಂಡಿ ಬದಲಾಯಿಸಬಲ್ಲರು. ಮಂಡೆ ಬದಲಾಯಿಸುವ ವಿದ್ಯೆ ಅವರಿಗೆಲ್ಲಿ ಬರಬೇಕು?

ಆರು ತಿಂಗಳು ಮಗ್ಗ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಅದಕ್ಕೊಂದು ದಾರಿ ಇತ್ತು. ಕೈಕಾಲು ಊನವಾಗಿ ದುಡಿಯಲಾಗದವರಿಗೆ ನೇಕಾರರ ಸಂಘದವರು ತಿಂಗಳ ಸಹಾಯಧನ ಕೊಡುತ್ತಿದ್ದರು. ಹೆಂಡತಿ ನೀಲವ್ವ ಓಡಾಡಿ ಅರ್ಜಿ ತಂದಳು, ಡಾಕ್ಟರ ಚೀಟಿ ಅಂಟಿಸಿದಳು. ಅರ್ಜಿಯಲ್ಲಿ ‘ದುಡಿಯಲು ಅಸಮರ್ಥ’ ಎಂಬ ಸಾಲಿನ ಕೆಳಗೆ ಸಹಿ ಮಾಡುವಾಗ ಕೂಡ್ಲೆಪ್ಪನಿಗೆ ಬೇರೆ ಯಾರದೋ ಪರವಾಗಿ ಸಹಿ ಹಾಕುತ್ತಿದ್ದೇನೆ ಅನ್ನಿಸಿತು. ಅಸಮರ್ಥನಂತೆ! ಯಾರು? ನಾನೇ?

ಇನ್ನು ಉಳಿದದ್ದು ಒಂದೇ. ಸಂಘದ ಸಾಹೇಬರು ಮನೆಗೆ ಬಂದು, ಕಣ್ಣಾರೆ ನೋಡಿ, ವರದಿ ಬರೆಯಬೇಕು. ಈ ಸಾಹೇಬರಿಗೆ ಒಂದು ಚಾಳಿ. ಏನು ಕಂಡರೂ ಮೂಗಿನಲ್ಲೇ ಹೇಳಿಕೊಂಡು ಬರೆಯುವುದು. “ಬಾಗಲಾ ತಗದೈತಿ ಅಂತ ಬರಕೊಂಡೆ. ನಾಯಿ ಬೊಗಳ್ತು ಅಂತ ಬರಕೊಂಡೆ.”

ನೀಲವ್ವ ಜಾಣೆ. ಹಿಂದಿನ ದಿನವೇ ತಾಲೀಮು ಇಟ್ಟಳು. ಗಂಡನ ಚಾಳೀಸು ಮೂಗಿನ ತುದಿಗೆ ಇಳಿಸಿ, ಸೌಟನ್ನು ಪೆನ್ನಿನಂತೆ ಹಿಡಿದು ತಾನೇ ಸಾಹೇಬಳಾದಳು.

“ಹೇಳ್ರಿ ಕೂಡ್ಲೆಪ್ಪಾರ, ಕಾಲು ಮಡಚಾಕ ಬರತೈತೇನು?”

“ಇಲ್ರೀ.”

“ಕುಣಿಗೆ ಇಳಿಯಾಕ?”

“ಆಗಂಗಿಲ್ರೀ.”

“ಹೆಂಡ್ತಿ ಮಾತು ಕೇಳ್ತೀರೇನು?”

“ಏ, ಇದು ಅರ್ಜಿಯೊಳಗ ಇಲ್ಲ!”

“ಕೇಳೂದಿಲ್ಲ ಅಂತ ಬರಕೊಂಡೆ,” ಎಂದಳು ನೀಲವ್ವ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾಲೀಮಿನಲ್ಲಿ ಕೂಡ್ಲೆಪ್ಪ ನೂರಕ್ಕೆ ನೂರು.

ಮರುದಿನ ಬೆಳಿಗ್ಗೆ ಸಾಹೇಬರು ಬಂದೇ ಬಂದರು. ನೀಲವ್ವ ಒಳಗೆ ಚಹಾಕ್ಕೆ ಇಟ್ಟಿದ್ದಳು. ಸಾಹೇಬರು ಹೊಸ್ತಿಲು ದಾಟುತ್ತ ಏನು ಕೇಳಿದರು? ಕಾಲಿನ ಮಾತು ಕೇಳಿದರೇ? ಕುಣಿಯ ಮಾತು ಕೇಳಿದರೇ? ಇಲ್ಲ. ನಾವು ನೀವು ಎಲ್ಲರೂ ಕೇಳುವುದನ್ನೇ ಕೇಳಿದರು.

“ಏನ್ರೀ ಕೂಡ್ಲೆಪ್ಪಾರ, ಆರಾಮ?”

ಅಯ್ಯೋ, ಇದು ತಾಲೀಮಿನಲ್ಲಿ ಇರಲಿಲ್ಲವಲ್ಲ! ಮನೆಗೆ ಬಂದವರು ಆರಾಮ ಎಂದು ಕೇಳಿದರೆ ಎದ್ದು ನಿಂತು ಆರಾಮ ಅನ್ನಬೇಕು. ಜ್ವರ ಇದ್ದರೂ ಆರಾಮ, ಸಾಲ ಇದ್ದರೂ ಆರಾಮ, ಉಸಿರು ನಿಲ್ಲುವಂತಿದ್ದರೂ ಆರಾಮ. ಕೂಡ್ಲೆಪ್ಪನ ನಾಲಿಗೆ ಮುಂದೆ ಓಡಿತು, ಮೈ ಹಿಂದೆ ಓಡಿತು. ನಡೆಯಲು ಆಸರೆಗೆ ಇಟ್ಟಿದ್ದ ವಾಕರ್ ಮೇಲೆ ಟವೆಲ್ ಎಸೆದು ಮುಚ್ಚಿದ. ಮಂಚದಿಂದ ಧಡಕ್ಕನೆ ಎದ್ದ. “ಏಕದಮ್ ಆರಾಮ್ರೀ ಸಾಹೇಬ್ರ! ಬರ್ರಿ, ಕುಂಡ್ರಿ, ಕುಂಡ್ರಿ!” ಎನ್ನುತ್ತ ನಾಲ್ಕು ಹೆಜ್ಜೆ ನಡೆದು, ತಂಬಿಗೆಯಲ್ಲಿ ನೀರು ತಂದು ಕೊಟ್ಟ. ಮೊಣಕಾಲಿನಲ್ಲಿ ಯಾರೋ ಕಾದ ಸೂಜಿ ಚುಚ್ಚಿದಂತಾಯಿತು. ಮುಖದಲ್ಲಿ ಮಾತ್ರ ಮದುವೆ ಮನೆಯ ನಗು.

ನೀಲವ್ವ ಚಹಾ ತಂದು ನೋಡುತ್ತಾಳೆ, ಗಂಡ ಧ್ವಜದ ಕಂಬದಂತೆ ನಿಂತಿದ್ದಾನೆ!

“ಸಾಹೇಬ್ರ, ಅವರಿಗೆ ನಿಂದ್ರಾಕ ಬರಂಗಿಲ್ರೀ!”

“ನಿಂತಾರಲ್ರೀ ಯವ್ವ?”

“ನಡ್ಯಾಕೂ ಬರಂಗಿಲ್ರೀ!”

“ನನಗ ನೀರು ತಂದು ಕೊಟ್ರಲ್ರೀ! ಸ್ವಂತ ಕೈಯಿಂದ ನೀರು ಕೊಟ್ರು ಅಂತ ಬರಕೊಂಡೆ.”

ನೀಲವ್ವ ಗಂಡನತ್ತ ನೋಡಿದಳು. ಈಗಲಾದರೂ ಬಾಯಿ ಬಿಡು ಎಂಬ ನೋಟ. ಕೂಡ್ಲೆಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ವಾರ ಕಳೆಯಿತು. ಅರ್ಜಿ ತಿರಸ್ಕಾರವಾಯಿತು ಎಂಬ ಕಾಗದ ಬಂತು.

ತಪ್ಪು ಯಾರದು? ಸಾಹೇಬರದೇ? ಪಾಪ, ಅವರು ಕಂಡದ್ದನ್ನು ಬರೆದರು. ಬರೆಸಿದವನು ಯಾರು, ಹೇಳಿ!

ಕೂಡ್ಲೆಪ್ಪ ಒಂದು ರಾತ್ರಿ ಹೊರಳಾಡಿದ. ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಬೆಳಿಗ್ಗೆ ನೀಲವ್ವ ಪಕ್ಕದ ಮನೆಯಿಂದ ಕೈಗಡ ತಂದ ಜೋಳ ಬೀಸಿಸಲು ಗಿರಣಿಗೆ ಹೋದದ್ದೇ ತಡ, ಈತ ವಾಕರ್ ಬಿಟ್ಟು, ಗೋಡೆ ಹಿಡಿದು, ಕುಂಡೆ ಎಳೆದುಕೊಂಡು ಹೋಗಿ ಕುಣಿಗೆ ಇಳಿದೇಬಿಟ್ಟ. ಒಂದೇ ಸೀರೆ ಎಂದುಕೊಂಡ. ಹಲಗೆಯ ಮೇಲೆ ಕಾಲಿಟ್ಟ. ತುಳಿಯಬೇಕು ಎನ್ನುವಷ್ಟರಲ್ಲಿ ಮೊಣಕಾಲು ಲಾಕ್! ತುಳಿಯಲು ಬಾರದು, ಎತ್ತಲು ಬಾರದು, ಮೇಲೆ ಏಳಲು ಬಾರದು. ಡಾಕ್ಟರ ಬೆರಳು ಕಣ್ಣ ಮುಂದೆ ಬಂದು ನಿಂತಿತು.

ಆದರೆ ಹೊರಗಿನಿಂದ ನೋಡಿದವರಿಗೆ? ಮಗ್ಗಕ್ಕೆ ಕೂತ ಗಟ್ಟಿಮುಟ್ಟು ನೇಕಾರ! ಕೈಯಲ್ಲಿ ಲಾಳಿ, ಹಣೆಯಲ್ಲಿ ಬೆವರು. ಹೊಸ ಸೀರೆಯ ಜಾಹೀರಾತಿಗೆ ಫೋಟೊ ತೆಗೆಯಬಹುದು.

ಅದೇ ಹೊತ್ತಿಗೆ ಬೇರೊಂದು ಮನೆಯ ತಪಾಸಣೆಗೆಂದು ಅದೇ ಓಣಿಗೆ ಬಂದಿದ್ದ ಸಾಹೇಬರು ಬಾಗಿಲಲ್ಲಿ ಇಣುಕಿದರು.

“ಓಹೋಹೋ! ಮಗ್ಗಕ್ಕ ಕುಂತಾರ ಅಂತ ಬರಕೊಂಡೆ. ಏನ್ರೀ ಕೂಡ್ಲೆಪ್ಪಾರ, ಆರಾಮ?”

ಕೂಡ್ಲೆಪ್ಪನ ಬಾಯಿ ತೆರೆಯಿತು. “ಆ...” ಎಂದಿತು. ಮೂವತ್ತು ವರ್ಷದ ರೂಢಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇನ್ನೆರಡು ಅಕ್ಷರ ಹೊರಬಿದ್ದರೆ ಸಾಹೇಬರು ಮುಂದೆ ಹೋಗುತ್ತಾರೆ. ಸಹಾಯಧನ ಹೋಗುತ್ತದೆ, ಕಾಲೂ ಹೋಗುತ್ತದೆ. ಮರ್ಯಾದೆ ಮಾತ್ರ ಕುಣಿಯಲ್ಲಿ ಕೂತಿರುತ್ತದೆ, ಇವನ ಜೊತೆಗೇ.

“ಆ... ಆರಾಮ ಇಲ್ರೀ.”

ಸಾಹೇಬರ ಪೆನ್ನು ನಿಂತಿತು. “ಏನಂದ್ರಿ?”

“ಆರಾಮ ಇಲ್ರೀ ಸಾಹೇಬ್ರ! ಇಳದು ಕುಂತೀನಿ, ಏಳಾಕ ಬರವಲ್ದು. ಅವತ್ತೂ ಆರಾಮ ಇರಲಿಲ್ರೀ. ನೀವು ಹೋದ ಮ್ಯಾಲ ಎರಡು ದಿನ ಹಾಸಿಗಿ ಹಿಡದಿದ್ನಿ. ಒಂದೀಟು ಮ್ಯಾಲ ಎತ್ರೀ!”

ಸಾಹೇಬರು ಗಾಬರಿಯಾಗಿ ಓಣಿಯವರನ್ನು ಕೂಗಿದರು. ಮೂವರು ಓಡಿ ಬಂದರು. ಸಾಹೇಬರು ಒಬ್ಬೊಬ್ಬರಿಗೇ ಹೇಳತೊಡಗಿದರು.

“ಏ ತಮ್ಮಾ, ಗಟ್ಟಿ ಅದೀಯಲ್ಲ? ಬಗಲಿಗೆ ಕೈ ಹಾಕು.”

“ಖರೇ ಹೇಳ್ಲೇನ್ರೀ? ಈ ಭುಜ ಮ್ಯಾಲ ಏಳೂದಿಲ್ರೀ. ಯಾರಿಗೂ ಹೇಳಿಲ್ಲ.”

“ನೀನು ಹಿಡಿ!”

“ನನಗ ಹರ್ನಿಯಾ ಐತ್ರೀ. ನಮ್ಮ ಮನ್ಯಾಗೂ ಗೊತ್ತಿಲ್ಲ!”

“ನೀನರ?”

“ನೀವ ಹಿಡೀರಲ್ರೀ ಸಾಹೇಬ್ರ!”

ಸಾಹೇಬರು ಮೆಲ್ಲಗೆ ಅಂಗಿ ಎತ್ತಿ ತೋರಿಸಿದರು. ಸೊಂಟಕ್ಕೆ ಇಷ್ಟಗಲ ಬೆಲ್ಟು. “ಐದು ವರ್ಷ ಆತು. ಆಫೀಸಿನಾಗ ಕೇಳಿದ್ರ ಆರಾಮ ಅಂತೀನಿ,” ಎಂದರು, ಮೂಗಿನಲ್ಲಿ ಅಲ್ಲ, ಸ್ವಂತ ದನಿಯಲ್ಲಿ.

ಕುಣಿಯಲ್ಲಿ ಸಿಕ್ಕಿಬಿದ್ದ ಕೂಡ್ಲೆಪ್ಪನಿಗೆ ಮೊದಲು ನಗು ಬಂತು. ಆಮೇಲೆ ಎಲ್ಲರಿಗೂ ಬಂತು. ಹಿಟ್ಟಿನ ಡಬ್ಬಿ ಹೊತ್ತು ಬಂದ ನೀಲವ್ವ ಈ ದೃಶ್ಯ ನೋಡಿದಳು. ಡಬ್ಬಿ ಕೆಳಗಿಟ್ಟು, ಸೆರಗು ಸಿಕ್ಕಿಸಿದಳು. “ದವಾಖಾನಿ ಇಲ್ಲಿಗೇ ಬಂದೈತಲ್ಲ! ಹಿಡೀರಿ, ಎಲ್ಲಾರೂ ಕೂಡಿ ಹಿಡೀರಿ!” ಭುಜದವನು ಒಂದು ಕೈ, ಹರ್ನಿಯಾದವನು ಒಂದು ಬೆರಳು, ಮೂರನೆಯವನು ಒಂದು ತೋಳು, ಸಾಹೇಬರು ಒಂದು ಬಗಲು, ನೀಲವ್ವ ಉಳಿದದ್ದೆಲ್ಲ. ಕೂಡ್ಲೆಪ್ಪ ಮೇಲೆ ಬಂದ. ಕಾಲು ನೋಯುತ್ತಿತ್ತು, ಆದರೆ ಲಾಕ್ ಬಿಟ್ಟಿತು.

ಸಾಹೇಬರು ಅಲ್ಲೇ ಕುಣಿಯ ಅಂಚಿಗೆ ಕೂತು ಹಳೆಯ ವರದಿಯ ಪ್ರತಿಗೆ ಗೆರೆ ಎಳೆದು ಹೊಸದು ಬರೆದರು. “ಆರಾಮ ಇಲ್ಲ ಅಂತ ಬರಕೊಂಡೆ.” ಮುಂದಿನ ತಿಂಗಳಿಂದ ಸಹಾಯಧನ ಬಂತು. ಆರು ತಿಂಗಳಾದ ಮೇಲೆ ಕೂಡ್ಲೆಪ್ಪ ಕುಣಿಗೆ ಇಳಿದ, ತಾನೇ ಏರಿಯೂ ಬಂದ.

ನಗುತ್ತಿದ್ದೀರಿ. ನಗಿ. ಈಗ ಕಂಬಕ್ಕೆ ಒರಗಿದವರು ಸ್ವಲ್ಪ ಮುಂದೆ ಬನ್ನಿ. ನೀವು ಎಷ್ಟು ಜನ ಡಾಕ್ಟರ ಮುಂದೆ ಕೂತು ಆರಾಮ ಅಂದಿದ್ದೀರಿ? ಆರಾಮ ಇದ್ದರೆ ಅಲ್ಲಿಗೆ ಹೋದದ್ದು ಯಾಕೆ, ಫ್ಯಾನಿನ ಗಾಳಿಗೇ? ತಲೆ ಸಿಡಿಯುತ್ತಿದ್ದರೂ ರೊಟ್ಟಿ ಬಡಿಯುತ್ತ ಆರಾಮ ಅನ್ನುವ ತಾಯಂದಿರೇ, ನಿಮ್ಮ ಕುಣಿ ಒಲೆಯ ಮುಂದಿದೆ. ಹಕ್ಕಿನಿಂದ ಬರಬೇಕಾದ ನೆರವನ್ನು ಕೇಳಲು ನಾಚಿ ಅರ್ಜಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟವರೇ, ನಾಳೆ ಬೆಳಿಗ್ಗೆ ಅದನ್ನು ಹೊರಗೆ ತೆಗೆಯಿರಿ. ದೇವರು ಊನವಿದ್ದವನನ್ನು ಕೀಳು ಮಾಡಿಲ್ಲ. ನೀವು ಯಾಕೆ ಮಾಡುತ್ತೀರಿ, ಅದೂ ನಿಮ್ಮನ್ನು ನೀವೇ?

ಕೇಳುವವರಿಗೂ ಒಂದು ಮಾತು ಇದೆ. ಆರಾಮ ಎಂದು ಕೇಳಿ, ಉತ್ತರ ಬರುವ ಮೊದಲೇ ಚಪ್ಪಲಿ ಮೆಟ್ಟಿ ಹೊರಡುತ್ತೀರಲ್ಲ, ಅದನ್ನು ಬಿಡಿ. ಇವತ್ತು ಮನೆಗೆ ಹೋಗಿ ಒಬ್ಬರನ್ನು ಕೇಳಿ. ಅವರು ಆರಾಮ ಅನ್ನುತ್ತಾರೆ. ಅಲ್ಲೇ ಕೂತುಕೊಳ್ಳಿ. ಎರಡನೆಯ ಉತ್ತರ ಬರುವವರೆಗೆ ಏಳಬೇಡಿ. ಇಷ್ಟೇ ವ್ರತ, ಖರ್ಚಿಲ್ಲ.

ಎಲ್ಲಿ, ಈಗಲೇ ಪರೀಕ್ಷೆ ಮಾಡೋಣ. ಎಲ್ಲಾರೂ ಆರಾಮ ಅದೀರೇನ್ರಪಾ?

ಹಾ! ಕೇಳಿದಿರಾ ನಿಮ್ಮ ದನಿ? ಇಡೀ ಮಂಟಪ ‘ಆರಾಮ್ರೀ’ ಎಂದು ಕೂಗಿತು! ಇಷ್ಟು ಹೊತ್ತು ನಾನು ಯಾರಿಗೆ ಹೇಳಿದೆ, ಗೋಡೆಗೇ?

ತಡೆಯಿರಿ, ತಡೆಯಿರಿ. ಕಂಬದ ಹಿಂದೆ ಒಬ್ಬ ತಾಯಿ ಕೈ ಎತ್ತಿದ್ದಾಳೆ. ಏನಬೇ ಯವ್ವಾ? ಇಲ್ಲ ಅಂತೀಯಾ? ಸೊಂಟ ಹಿಡಿದೈತೇನು?

ಸಾಕು. ಒಬ್ಬರು ಸಾಕು ಇವತ್ತಿಗೆ. ಏ, ಆ ತಾಯಿಗೆ ಒಂದು ಕುರ್ಚಿ ತನ್ನಿ. ಪ್ರಸಾದ ಮೊದಲು ಅಲ್ಲಿಂದ ಬಡಿಸಿರಿ.